ಧೀರೇಂದ್ರ ಗಲಗಲಿಯವರ ಮೇಲಿನ ಹಿಪ್ಪರಗಿ

ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಧೀರೇಂದ್ರ ಗಲಗಲಿ ಅಂತ ಒಬ್ಬರಿದ್ದಾರೆ. ಪ್ಯಾನ್ ಮನ್ ಕೆಲಸ. ಕಬ್ಬಿನ ರಸ ಗಟ್ಟಿ ಪಾಕವಾಗಿ ಮೇಲೆ ಬಂದಾಗ ಅದನ್ನು ಎರಡಾಳು ಎತ್ತರದ ಮುಚ್ಚಿದ ಕಡಾಯಿಯಲ್ಲಿ ಕುದಿಸಿ ಹರಳು ಕಟ್ಟಿಸುವವರು ಅವರು. ಗಾಜಿನ ಕಿಂಡಿಯಲ್ಲಿ ಇಣುಕಿ, ಒಂದು ಹನಿ ಪಾಕವನ್ನು ಎರಡು ಬೆರಳ ನಡುವೆ ಹಿಡಿದು ಎಳೆದು, ಇನ್ನೆಷ್ಟು ಹೊತ್ತು ಅಂತ ಹೇಳಿಬಿಡುತ್ತಾರೆ. ವಯಸ್ಸು ಐವತ್ತೆರಡು. ಮನೆ ಜಮಖಂಡಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಹೆಂಡತಿ ರಸಿಕಾ ಮನೆಯಲ್ಲೇ ಓಣಿಯ ನಾಲ್ಕು ಮಕ್ಕಳಿಗೆ ಮರಾಠಿ, ಸಂಸ್ಕೃತ ಪಾಠ ಹೇಳುತ್ತಾರೆ.

ಇಷ್ಟು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಏನಂದರೆ, ಈ ಮನುಷ್ಯ ಇಪ್ಪತ್ತೆಂಟು ವರ್ಷದಿಂದ ಒಂದು ಲೋಕ ಕಟ್ಟುತ್ತಿದ್ದರು.

ಅದು ಶುರುವಾದದ್ದು ಕೆಲಸಕ್ಕೆ ಸೇರಿದ ಮೊದಲ ವಾರ. ಕಡಾಯಿ ತೋರಿಸಿ ಹಿರಿಯ ಪ್ಯಾನ್ ಮನ್ ಕೇಳಿದರು: "ಇದು ಎಷ್ಟು ಡಿಗ್ರಿಗೆ ಕುದಿಯಾಕತ್ತೈತಿ ಹೇಳು?"

"ನೂರರ ಮ್ಯಾಲ ಇರಬೇಕ್ರಿ."

"ಅರವತ್ತೈದು. ಒಳಗಿನ ಗಾಳಿ ಎಳದ ಹಾಕೇವಿ. ಗಾಳಿ ಕಡಿಮಿ ಆದಂಗ ಕುದಿಯಾಕ ಬೆಂಕಿ ಕಡಿಮಿ ಸಾಕು."

ಮನೆಗೆ ಬರುವಾಗ ಬಸ್ಸಿನಲ್ಲಿ ಧೀರೇಂದ್ರರ ತಲೆಯಲ್ಲಿ ಅದೇ ಓಡಿತು. ಗಾಳಿಯನ್ನು ಇನ್ನೂ ಎಳೆದರೆ? ಮತ್ತೂ ಎಳೆದರೆ? ವಾಚನಾಲಯದಲ್ಲಿ ಹುಡುಕಿ ಒಂದು ಪುಸ್ತಕ ತೆಗೆದರು. ಮಂಗಳ ಗ್ರಹದ ಗಾಳಿ ಎಷ್ಟು ತೆಳುವೆಂದರೆ ಅಲ್ಲಿ ಮಂಜುಗಡ್ಡೆ ಕರಗಿ ನೀರಾಗುವಷ್ಟರಲ್ಲಿ ಆ ನೀರು ಕುದಿಯಲೂ ಶುರುವಾಗುತ್ತದೆ ಅಂತ ಅದರಲ್ಲಿತ್ತು. ಕುದಿಯುವ ನೀರು ತಣ್ಣಗೇ ಇದ್ದರೆ ಚಹಾಪುಡಿ ಬಣ್ಣ ಬಿಡುವುದು ಹೇಗೆ? ಅಲ್ಲಿ ಇರುವವರು ಚಹಾ ಹೇಗೆ ಮಾಡುತ್ತಾರೆ? ಅಲ್ಲಿ ಯಾರೂ ಇಲ್ಲವಲ್ಲ ಅಂತ ಆಮೇಲೆ ನೆನಪಾಯಿತು. ಆದರೆ ಹೋದರೆ? ಮರುದಿನ ಒಂದು ಲಾಂಗ್ ಬುಕ್ ಕೊಂಡು ಮೊದಲ ಪುಟದಲ್ಲಿ ಬರೆದರು: "ಮಂಗಳದಲ್ಲಿ ಚಹಾ ಮಾಡುವ ವಿಧಾನ."

ಅದರ ಕೆಳಗೆ ತಮಗೆ ತಾವೇ ಕಟ್ಟು ಹಾಕಿಕೊಂಡರು. ಬೆಳಕಿಗಿಂತ ಬೇಗ ಏನೂ ಹೋಗಬಾರದು. ಇವತ್ತು ಇಲ್ಲದ ಲೋಹ, ಇಲ್ಲದ ಶಕ್ತಿ ಬರಬಾರದು. ಇಂಧನದ ಲೆಕ್ಕ ಹತ್ತದ ಹಡಗು ನೆಲ ಬಿಡಬಾರದು. ಪವಾಡ ಇಲ್ಲ.

ಕಬ್ಬು ಅರೆಯುವುದು ನವೆಂಬರದಿಂದ ಮಾರ್ಚ್‌ವರೆಗೆ. ಉಳಿದ ತಿಂಗಳು ಕಾರ್ಖಾನೆಯಲ್ಲಿ ಯಂತ್ರ ಬಿಚ್ಚಿ ತೊಳೆದು ಜೋಡಿಸುವ ಕೆಲಸವಷ್ಟೇ. ಸಂಜೆ ಬೇಗ ಮನೆ. ಆ ತಿಂಗಳುಗಳಲ್ಲಿ ಲೋಕ ಬೆಳೆಯಿತು. ಇಪ್ಪತ್ತಮೂರು ಲಾಂಗ್ ಬುಕ್ ತುಂಬಿದವು. ಅವರ ಲೋಕದಲ್ಲಿ ಇನ್ನು ಇನ್ನೂರು ವರ್ಷಕ್ಕೆ ಮಂಗಳದ ನೆಲದೊಳಗೆ ಏಳು ಊರುಗಳಿದ್ದವು. ಗುರುವಿನ ಚಂದ್ರರಲ್ಲಿ ಜನ ಇದ್ದದ್ದು ಕ್ಯಾಲಿಸ್ಟೊದಲ್ಲಿ ಮಾತ್ರ, ಯಾಕೆಂದರೆ ಒಳಗಿನ ಚಂದ್ರರ ಮೇಲೆ ಗುರುವಿನ ಸುತ್ತಲಿನ ವಿಕಿರಣದ ಹೊಡೆತ ತಡೆಯಲಾಗದು. ಶನಿಯ ಚಂದ್ರ ಟೈಟನ್ನಿನಲ್ಲಿ ಗಾಳಿ ದಪ್ಪ, ಭಾರ ಕಡಿಮೆ. ಅಲ್ಲಿಯವರು ತೋಳಿಗೆ ರೆಕ್ಕೆ ಕಟ್ಟಿಕೊಂಡು ಹಾರುತ್ತಿದ್ದರು. ಊರಿಂದೂರಿಗೆ ಮಾತು ಮುಟ್ಟಲು ನಿಮಿಷಗಳು, ಗಂಟೆಗಳು ಬೇಕಾದ್ದರಿಂದ ಫೋನಿನಲ್ಲಿ "ಹಲೋ" ಅನ್ನುವ ರೂಢಿಯೇ ಬಿದ್ದುಹೋಗಿ ಜನ ಮತ್ತೆ ಕಾಗದ ಬರೆಯುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಪುಟ ಹಿಡಿದದ್ದು ಸೆರೆಸ್. ಮಂಗಳಕ್ಕೂ ಗುರುವಿಗೂ ನಡುವಿನ ಸಣ್ಣ ಗೋಲ ಅದು, ಒಡಲ ತುಂಬ ಮಂಜುಗಡ್ಡೆ. ನೀರಿದ್ದಲ್ಲಿ ಕೃಷ್ಣೆಯ ದಂಡೆಯ ಮಂದಿ ಹೋಗಿಯೇ ಹೋಗುತ್ತಾರೆ ಅಂತ ಧೀರೇಂದ್ರರ ಲೆಕ್ಕ. ಸೆರೆಸ್ಸಿನ ನೆಲದ ಮೇಲೆ ಎಪ್ಪತ್ತು ಕಿಲೋದ ಆಳು ಎರಡು ಕಿಲೋದಷ್ಟು ಹಗುರ. ಅಲ್ಲೇ ಬಾಳಿದರೆ ಎಲುಬು ಸವೆಯುತ್ತವೆ. ಅದಕ್ಕೆ ಅವರು ಊರನ್ನು ಸೆರೆಸ್ಸಿನ ಸುತ್ತ ಆಕಾಶದಲ್ಲಿ ತೇಲಿಬಿಟ್ಟು, ಬಂಡಿಯ ಗಾಲಿಯಂತೆ ತಿರುಗಿಸಿ, ಒಳಗಿನವರ ಕಾಲು ನೆಲಕ್ಕೆ ಒತ್ತುವಂತೆ ಮಾಡಿದ್ದರು. ಗಾಲಿಯ ನಡುವಿನಿಂದ ಅಂಚಿಗೆ ಮೂವತ್ತು ಮೀಟರ್. ಊರಿಗೆ ಹೆಸರು ಮೇಲಿನ ಹಿಪ್ಪರಗಿ. ಹಿಪ್ಪರಗಿಯ ಬ್ಯಾರೇಜಿನ ಬದಿಗೆ ಅವರದು ಎರಡೆಕರೆ ಹೊಲ ಇದೆ, ಅದರ ನೆನಪಿಗೆ. ಜನಸಂಖ್ಯೆ ನಾನೂರಾ ಹನ್ನೆರಡು ಅಂತ ಒಂದು ಕಾಲಮಿನಲ್ಲಿ ಬರೆದಿದ್ದರು. ಆ ನಾನೂರಾ ಹನ್ನೆರಡು ಮಂದಿಯಲ್ಲಿ ಒಬ್ಬರಿಗೂ ಹೆಸರಿರಲಿಲ್ಲ.

ಎರಡು ವರ್ಷದ ಹಿಂದೆ, ಮಾರ್ಚ್ ಕೊನೆಗೆ, ಆ ಹೊಲದ ಕಬ್ಬು ಕಡಿದಾದ ಮೇಲೆ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಹೇಳಿಕಳಿಸಿದರು. ಬೀಳಗಿ ಕಡೆಯ ಯಲ್ಲಕ್ಕ, ಅವಳ ಗಂಡ ರೇವಪ್ಪ ಮುನ್ನೂರು ಕುರಿ ಹೊಡೆದುಕೊಂಡು ಬಂದರು. ರೇವಪ್ಪ ಮಾತು ಕಡಿಮೆ. ಯಲ್ಲಕ್ಕ ಹಾಗಲ್ಲ. ಬೇವಿನ ಗಿಡದ ಕೆಳಗೆ ಕೂತು ಬರೆಯುತ್ತಿದ್ದ ಧೀರೇಂದ್ರರ ಹತ್ತಿರ ಬಂದು ನಿಂತಳು.

"ರಾಯರ, ಏನ ಬರಿಯಾಕತ್ತೀರಿ? ಪಂಚಾಂಗೇನ್ರಿ?"

ಇಪ್ಪತ್ತೆಂಟು ವರ್ಷ ಯಾರಿಗೂ ಹೇಳದ್ದನ್ನು ಅವಳಿಗೆ ಯಾಕೆ ಹೇಳಿದರೋ ಅವರಿಗೂ ಗೊತ್ತಿಲ್ಲ. "ಇಲ್ಲ ಯಲ್ಲಕ್ಕಾ. ಮುಂದ ಮಂದಿ ಆಕಾಶದಾಗ ಊರು ಕಟ್ಟಿಕೊಂಡು ಇರ್ತಾರಲ್ಲ, ಅದು ಹ್ಯಾಂಗ ಇರ್ತದ ಅಂತ ಬರೀತೀನಿ."

ಅವಳು ನಗಲಿಲ್ಲ. ಕೋಲು ಊರಿ ಅಲ್ಲೇ ಕೂತಳು. "ಎಷ್ಟ ದೂರ?"

"ಮಂಗಳಕ್ಕ ಒಂಬತ್ತು ತಿಂಗಳ ದಾರಿ."

"ಯಾವಾಗ ಬೇಕಾದ್ರ ಹೊಂಡತಾರೇನು?"

"ಇಲ್ಲ. ಭೂಮಿ, ಮಂಗಳ ಎರಡೂ ತಕ್ಕ ಜಾಗಕ್ಕ ಬರಬೇಕು. ಇಪ್ಪತ್ತಾರು ತಿಂಗಳಿಗೊಮ್ಮೆ ಬರ್ತಾವ."

"ಹಂಗಾರ ನಮ್ಮಂಗ ಬಿಡ್ರಿ. ನಾವೂ ಮನಸಿಗೆ ಬಂದಾಗ ಹೊಂಡೂದಿಲ್ಲ. ಮ್ಯಾಲ ಮಳಿ, ಕೆಳಗ ಮೇವು, ಎರಡೂ ನೋಡಿ ಹೊಂಡತೀವಿ." ಆಮೇಲೆ ಕೇಳಿದಳು: "ಅಷ್ಟ ಮಂದಿ ಒಂಬತ್ತು ತಿಂಗಳ ಉಂಡು ತಿಂದ ಮ್ಯಾಲ, ಹೊರಕಡಿಗೆ ಹೋಗಿದ್ದೆಲ್ಲಾ ಎಲ್ಲಿ ಹಾಕತಾರ?"

"ಹೊರಗ ಚೆಲ್ಲತಾರ. ಹಡಗದ ಭಾರ ಕಡಿಮಿ ಆಗ್ತದ, ಇಂಧನ ಉಳೀತದ. ಊರಾಗೂ ಹಂಗ."

ಯಲ್ಲಕ್ಕ ಅವರ ಮುಖ ನೋಡಿದಳು. ಹಿಂದೆ ತಿರುಗಿ ಮುನ್ನೂರು ಕುರಿ ನೋಡಿದಳು. "ಚೆಲ್ಲತಾರ? ಮತ್ತ ನಿಮ್ಮ ಹೊಲಕ್ಕ ನನ್ನ ಯಾಕ ಕರಸೀರಿ, ರಾಯರ?"

ಧೀರೇಂದ್ರ ಪುಸ್ತಕ ಮುಚ್ಚಿದರು. ಆ ಸಂಜೆ ಮನೆಯಲ್ಲಿ ಕೂತು ಲೆಕ್ಕ ಮಾಡಿದರು. ನೀರು, ಗಾಳಿ, ಇಂಧನ ಎಲ್ಲದಕ್ಕೂ ಅವರ ಹತ್ತಿರ ಕೋಷ್ಟಕವಿತ್ತು. ಬೆಳೆಗೂ ಎಲುಬಿಗೂ ಬೇಕಾದ ರಂಜಕಕ್ಕೆ ಇರಲಿಲ್ಲ. ಅದು ಭೂಮಿಯಿಂದ ಬಂದದ್ದು, ಚೆಲ್ಲಿದರೆ ಹೋಯಿತು. ಹನ್ನೆರಡನೇ ವರ್ಷಕ್ಕೆ ಮೇಲಿನ ಹಿಪ್ಪರಗಿಯ ಜೋಳ ಗೇಣುದ್ದಕ್ಕೆ ನಿಲ್ಲುತ್ತಿತ್ತು. ಅವರಿಗೆ ಬೇಜಾರಾಗಲಿಲ್ಲ. ಹಸಿವಾದವರಿಗೆ ಊಟ ಸಿಕ್ಕಂತೆ ಆಯಿತು. ಮರುದಿನ ರಜೆ ಹಾಕಿ ಹೊಲಕ್ಕೆ ಹೋಗಿ, ಒಂದು ಕುರಿ ಎಷ್ಟು ತಿಂದರೆ ಎಷ್ಟು ಹಿಕ್ಕೆ ಹಾಕುತ್ತದೆ ಅಂತ ಯಲ್ಲಕ್ಕನನ್ನು ಕೇಳಿ ಬರೆದುಕೊಂಡರು.

ಮೂರನೇ ದಿನ ಅವಳು ಕೇಳಿದ್ದು ಬೇರೆ. "ದಾರ್ಯಾಗ ಯಾರರೆ ಹಡದ್ರ?"

"ಹಡಗ ನಿಲ್ಲೂದಿಲ್ಲ ಯಲ್ಲಕ್ಕಾ. ನಿಲ್ಲಿಸಲಿಕ್ಕೆ ಬರೂದಿಲ್ಲ."

"ನಿಲ್ಲಸು ಅಂತ ಯಾರ ಅಂದ್ರು? ನಮ್ಮ ವೈಶಾಲಿ ಹುಟ್ಟಿದ್ದು ದಾರ್ಯಾಗನ, ಹೊಳಿ ದಂಡಿ ಮ್ಯಾಲ. ಮರುದಿನ ಹಿಂಡು ಹೊಂಟತು, ನಾನೂ ಕುದರಿ ಮ್ಯಾಲ ಕುಂತ ಹೊಂಟೆ. ಕೂಸಿಗೆ ಬೆಚ್ಚಗ ಹೊಚ್ಚಾಕ ಯಾರು, ನನಗ ನೀರ ಕಾಸಿ ಕೊಡಾಕ ಯಾರು, ಅಷ್ಟು ಮೊದಲ ಗೊತ್ತಿರಬೇಕ್ರಿ. ನಿಮ್ಮ ಹಡಗದಾಗ ಅದನ್ನ ಮಾಡೋರು ಯಾರು?"

ಧೀರೇಂದ್ರ ಪೆನ್ನು ತೆಗೆದರು. ಆ ದಿನ ನಾನೂರಾ ಹನ್ನೆರಡರಲ್ಲಿ ಒಬ್ಬಳಿಗೆ ಮೊದಲ ಸಲ ಹೆಸರು ಬಂತು. ಸೋಮವ್ವ, ಹಡಗಿನ ಸೂಲಗಿತ್ತಿ.

ಹೊಳೆದಂಡೆಯ ಮೇಲೆ ಹುಟ್ಟಿದ ವೈಶಾಲಿಗೆ ಆಗ ಇಪ್ಪತ್ತೈದು. ಎಂ.ಎಸ್ಸಿ. ಮುಗಿಸಿ ಬನಹಟ್ಟಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದಳು. ಅವ್ವ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಒಂದು ರವಿವಾರ ಜಮಖಂಡಿಗೆ ಬಂದಳು. "ಕಾಕಾ, ಅವ್ವ ಹೇಳಿದ್ದು ಖರೆ ಐತೇನ್ರಿ? ನನಗೂ ಓದಾಕ ಕೊಡ್ರಿ" ಅಂದಳು. ಧೀರೇಂದ್ರ ಇಪ್ಪತ್ತಮೂರನ್ನೂ ಒಂದು ಚೀಲಕ್ಕೆ ತುಂಬಿ ಕೊಟ್ಟುಬಿಟ್ಟರು. ಚೀಲ ಬಾಗಿಲು ದಾಟಿ ಹೋಗುವುದನ್ನು ರಸಿಕಾ ಅಡುಗೆಮನೆಯಿಂದ ನೋಡಿದರು.

ಮಳೆಗಾಲದಲ್ಲಿ ವೈಶಾಲಿ ಅವರನ್ನು ಕಾಲೇಜಿಗೆ ಕರೆಸಿದಳು. ಪ್ರಯೋಗಶಾಲೆಯಲ್ಲಿ ಒಂದು ತಿರುಗುವ ಸ್ಟೂಲು ಇತ್ತು. "ಇದರ ಮ್ಯಾಲ ಕುಂದರ್ರಿ ಕಾಕಾ. ಕಣ್ಣು ಮುಚ್ಚರಿ. ಹನ್ನೊಂದು ಸೆಕೆಂಡಿಗೆ ಒಂದು ಸುತ್ತಿನಂಗ ತಿರಗಸ್ತೀನಿ." ನಾಲ್ಕು ಸುತ್ತು ಆದಮೇಲೆ ಅಂದಳು: "ಈಗ ತಲಿ ಎಡಕ್ಕ ವಾಲಿಸ್ರಿ."

ವಾಲಿಸಿದ್ದೇ ತಡ, ನೆಲ ಮಗುಚಿಕೊಂಡಂತಾಗಿ ಧೀರೇಂದ್ರ ಮೇಜಿನ ಅಂಚು ಹಿಡಿದರು. ವೈಶಾಲಿ ನೀರು ಕೊಟ್ಟಳು.

"ನಿಮ್ಮ ಗಾಲಿ ಮೂವತ್ತು ಮೀಟರ್ ಐತಿ. ಭೂಮಿ ಮ್ಯಾಲಿನಷ್ಟ ಭಾರ ಬರಬೇಕಾದ್ರ ನಿಮಿಷಕ್ಕ ಐದೂವರಿ ಸುತ್ತು ಹಾಕಬೇಕು. ನೀವು ಈಗ ಕುಂತಿದ್ದು ಅಷ್ಟ ಜೋರಿನಾಗ. ಮೇಲಿನ ಹಿಪ್ಪರಗ್ಯಾಗ ರೊಟ್ಟಿ ಬಡಿಯೋ ಹೆಣ್ಣಮಗಳು ಹಿಟ್ಟಿನ ಡಬ್ಬಿ ಕಡೆ ತಲಿ ತಿರುಗಿಸಿದ ಒಂದೊಂದು ಸಲಾನೂ ಹಿಂಗ ಆಗತೈತ್ರಿ. ಎರಡು ಸುತ್ತಿನ ತನಕ ಯಾರಿಗೂ ತ್ರಾಸಿಲ್ಲ. ಆದ್ರ ಅದಕ್ಕ ಗಾಲಿ ಇನ್ನೂರಾ ಇಪ್ಪತ್ತಮೂರು ಮೀಟರ್ ಆಗಬೇಕು."

ಅಷ್ಟು ದೊಡ್ಡ ಗಾಲಿಗೆ ಬೇಕಾದ ಲೋಹವನ್ನು ಅವರ ಲೋಕದ ಯಾವ ಹಡಗೂ ಹೊರಲಾರದು. ಅದು ಧೀರೇಂದ್ರರಿಗೆ ಕೂತಲ್ಲೇ ಗೊತ್ತಾಯಿತು. ಮೂವತ್ತು ಮೀಟರಿನ ಮೇಲೆ ಮನೆಗಳ ಸಂಖ್ಯೆ ನಿಂತಿತ್ತು. ಅದರ ಮೇಲೆ ಜನ, ಜೋಳ, ನೀರು, ಹಡಗಿನ ಸರದಿ. ಇಪ್ಪತ್ತೆಂಟು ವರ್ಷ.

"ನೀ ಹೇಳಿದ್ದು ಬರೋಬ್ಬರಿ ಅದ" ಅಂದರು. ಬಸ್ಸು ಹತ್ತಿ ಬಂದರು. ವೈಶಾಲಿ ಮರಳಿಸಿದ ಪುಸ್ತಕದ ಚೀಲ ಕಪಾಟು ಸೇರಿತು. ನವೆಂಬರ್ ಬಂತು, ಕಾರ್ಖಾನೆ ಶುರುವಾಯಿತು. ಪಾಕ ಕುದಿಸಿದರು, ಹರಳು ಕಟ್ಟಿಸಿದರು. ಬರೆಯಲಿಲ್ಲ.

ಒಂದು ದಿನ ಉಪ್ಪಿಟ್ಟಿನ ತಾಟು ಮುಂದಿಟ್ಟು ರಸಿಕಾ ಕೇಳಿದರು: "ಏನ್ರೀ, ಇತ್ತಿತ್ಲಾಗ ಬರೀಲಿಕ್ಕೆ ಕೂಡೂದ ಇಲ್ಲಲ್ಲ?"

ಧೀರೇಂದ್ರ ಹೇಳಿದರು. ಗಾಲಿ, ಸುತ್ತು, ಸ್ಟೂಲು, ಎಲ್ಲ. ರಸಿಕಾ ಪೂರ್ತಿ ಕೇಳಿದರು. ಆಮೇಲೆ ನಿಧಾನಕ್ಕೆ ಅಂದರು: "ಕುರಿ ಕಾಯೋ ಯಲ್ಲಕ್ಕಗ ಗೊತ್ತದ. ಆಕಿ ಮಗಳಿಗೆ ಗೊತ್ತದ. ಒಂದ ಮನ್ಯಾಗ ಇಷ್ಟು ವರ್ಷ ಇದ್ದೇವಿ, ನನ್ನ ಒಮ್ಮೆನೂ ಕರೀಲಿಲ್ಲ ನೀವು."

"ನಿನಗ ಹಿಡಸ್ತದೋ ಇಲ್ಲೋ ಅಂತ..."

"ಕೇಳಿದ್ರ ಗೊತ್ತಾಗ್ತಿತ್ತು." ತಾಟು ಅವರ ಕಡೆ ಸರಿಸಿದರು. "ಉಣ್ಣರಿ, ಆರಿ ಹೋಗ್ತದ. ನಿಮ್ಮ ಆ ಊರಾಗ ಏಕಾದಶಿ ಯಾವಾಗ?"

ಧೀರೇಂದ್ರರ ಕೈ ಬಾಯಿಯ ಹತ್ತಿರ ನಿಂತಿತು. ಸೆರೆಸ್ಸಿಗೆ ಚಂದ್ರನೇ ಇಲ್ಲ. ಅದರ ದಿನ ಒಂಬತ್ತು ಗಂಟೆ, ವರ್ಷ ನಮ್ಮ ನಾಲ್ಕೂವರೆ ವರ್ಷಕ್ಕಿಂತ ತುಸು ಹೆಚ್ಚು. "ತಿಥೀನ ಇಲ್ಲ" ಅಂದರು.

"ತಿಥಿ ಇಲ್ಲದ ಊರಾಗ ಮಂದಿ ಹ್ಯಾಂಗ ಇರ್ತಾರ? ಹಬ್ಬ ಯಾವಾಗ ಮಾಡ್ತಾರ, ಹೋದವರ ಶ್ರಾದ್ಧ ಯಾವಾಗ ಮಾಡ್ತಾರ? ಜಮಖಂಡಿ ಪಂಚಾಂಗನ ಇಟಗೋಬೇಕು ಅವರು. ಆದ್ರ ಸೂರ್ಯೋದಯ ಎಲ್ಲಿಂದು ಹಿಡೀಬೇಕು?" ರಸಿಕಾ ಎದ್ದು ಹೋಗಿ ಕಪಾಟಿನಿಂದ ಚೀಲ ತಂದು ಅವರ ಮುಂದೆ ಇಟ್ಟರು. "ಮೊದಲನೇದು ಯಾವ್ದು? ಕೊಡ್ರಿ."

ಆ ಚಳಿಗಾಲ ರಸಿಕಾ ಇಪ್ಪತ್ತಮೂರನ್ನೂ ಓದಿದರು. ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರು. ಹಗುರ ಇದ್ದಲ್ಲಿ ಒಗ್ಗರಣೆಯ ಸಾಸಿವೆ ಎಲ್ಲಿಯವರೆಗೆ ಸಿಡಿಯುತ್ತದೆ ಅಂತ ಒಂದು ಕಡೆ ಕೇಳಿದ್ದರು. ಧೀರೇಂದ್ರ ಕೂತು ಲೆಕ್ಕ ಹಾಕಿ, "ಎದುರಿನ ಮನೆಯವರೆಗೆ" ಅಂತ ಅದರ ಕೆಳಗೇ ಉತ್ತರ ಬರೆದರು. ಇಬ್ಬರೂ ಬಹಳ ಹೊತ್ತು ನಕ್ಕರು. ಆದರೂ ಗಾಲಿಯ ಪ್ರಶ್ನೆ ಬಗೆಹರಿದಿರಲಿಲ್ಲ.

ಮಾರ್ಚಿನಲ್ಲಿ ಯಲ್ಲಕ್ಕ ಮತ್ತೆ ಬಂದಳು. ಆ ರವಿವಾರ ವೈಶಾಲಿಯೂ ಅವ್ವನನ್ನು ನೋಡಲು ಬಂದಿದ್ದಳು. ರಸಿಕಾ ಬುತ್ತಿ ಕಟ್ಟಿಕೊಂಡು ಗಂಡನ ಜೊತೆ ಹೊಲಕ್ಕೆ ಬಂದಿದ್ದರು. ಪಕ್ಕದ ಹೊಲದವರ ನಾಯಿಯೊಂದು ಮರಿಗಳ ಕಡೆ ಬರುತ್ತಿತ್ತು. ಯಲ್ಲಕ್ಕ ಕವಣೆಗೆ ಹೆಂಟೆ ಇಟ್ಟು ಗರಗರ ತಿರುಗಿಸಿ ನಾಯಿಯ ಮುಂದಿನ ನೆಲಕ್ಕೆ ಹೊಡೆದಳು. ಅದು ಓಡಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಈ ಸಲ ಅವಳು ರೇವಪ್ಪನ ಉದ್ದ ಕವಣೆ ತೆಗೆದುಕೊಂಡಳು. ತಲೆಯ ಮೇಲೆ ಅದು ನಿಧಾನಕ್ಕೆ, ದೊಡ್ಡದಾಗಿ ಸುತ್ತಿತು.

"ಯಲ್ಲಕ್ಕಾ, ತಡಿ" ಅಂದರು ಧೀರೇಂದ್ರ. "ಅದನ್ನ ಯಾಕ ಅಷ್ಟ ಸಾವಕಾಶ ತಿರಗಸ್ತಿ?"

"ಉದ್ದಂದಕ್ಕ ಅವಸರ ಬ್ಯಾಡ್ರಿ ರಾಯರ. ಕೈಗೆ ಜಗ್ಗೂದು ಎರಡೂ ಅಷ್ಟ. ನೀವ ಹಿಡದ ನೋಡ್ರಿ."

ಧೀರೇಂದ್ರ ಹಿಡಿದು ನೋಡಿದರು. ಗಿಡ್ಡದ್ದನ್ನು ಬಿರುಸಾಗಿ, ಉದ್ದದ್ದನ್ನು ಮೆಲ್ಲಗೆ. ಜಗ್ಗುವುದು ಅಷ್ಟೇ. ಈ ಸೂತ್ರ ಅವರಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದದ್ದು ಕಾಗದದ ಮೇಲೆ. ಕೈಯಲ್ಲಿ ಹಗ್ಗ ಇದ್ದಾಗ ಮಾತ್ರ ಕಣ್ಣಿಗೆ ಬಿದ್ದದ್ದೆಂದರೆ, ಇಲ್ಲಿ ಗಾಲಿಯೇ ಇಲ್ಲ.

"ವೈಶಾಲಿ! ಗಾಲಿ ಯಾಕ ಬೇಕು? ಹಗ್ಗ ಸಾಕಲ್ಲ!"

ವೈಶಾಲಿಗೂ ಅಷ್ಟರಲ್ಲಿ ಹೊಳೆದಿತ್ತು. "ಖರೆ ಕಾಕಾ. ಆದ್ರ ಇಲ್ಲಿ ನಡುವ ನೀವು ನಿಂತೀರಿ. ಅಲ್ಲಿ ಹಗ್ಗದ ಇನ್ನೊಂದು ತುದಿ ಹಿಡಿಯೋರು ಯಾರು?"

"ಇನ್ನೊಂದು ಊರು" ಅಂದರು ರಸಿಕಾ, ಬುತ್ತಿ ಬಿಚ್ಚುತ್ತ. "ಅರ್ಧ ಮಂದಿ ಈ ಕಡೆ, ಅರ್ಧ ಮಂದಿ ಆ ಕಡೆ."

ಬಿಸಿಲಲ್ಲಿ ನಿಂತೇ ಊರು ಎರಡಾಯಿತು. ನಡುವೆ ನಾಲ್ಕುನೂರಾ ನಲವತ್ತಾರು ಮೀಟರ್ ಉದ್ದದ ಉಕ್ಕಿನ ಹಗ್ಗಗಳು, ನಿಮಿಷಕ್ಕೆ ಎರಡು ಸುತ್ತು. ಆಚಿ ಓಣಿ, ಈಚಿ ಓಣಿ. ಹಗ್ಗದ ಗುಂಟ ಹೋಗಿ ಬರಲು ಒಂದು ಡಬ್ಬಿ. ನಟ್ಟನಡುವೆ ಬಂದಾಗ ಒಳಗಿನವರಿಗೆ ಭಾರವೇ ಇಲ್ಲ. ಬೀಗರ ಮನೆಗೆ ಹೋಗುವ ಹೆಂಗಸರು ಅಲ್ಲಿ ಸೆರಗು ಬಿಗಿಯಾಗಿ ಹಿಡಿದುಕೊಳ್ಳಬೇಕು ಅಂದರು ರಸಿಕಾ. ಮದುವೆ ನಿಬ್ಬಣ ಆ ಡಬ್ಬಿಯಲ್ಲಿ ಹೋದರೆ ಬಾಜಾದವರ ಡೊಳ್ಳು ಕೈಬಿಟ್ಟು ತೇಲುತ್ತದೆ ಅಂತ ಯಲ್ಲಕ್ಕನೂ ಸೇರಿಸಿದಳು. ಕುರಿಗಳ ಹತ್ತಿರ ನಿಂತಿದ್ದ ರೇವಪ್ಪ ಒಂದೇ ಮಾತು ಕೇಳಿದ: "ಹಗ್ಗ ಹರದ್ರ?" ಆ ಒಂದು ಮಾತಿಗೆ ಧೀರೇಂದ್ರರಿಗೆ ಎರಡು ತಿಂಗಳ ಕೆಲಸವಾಯಿತು. ಒಂದು ಹಗ್ಗದ ಬದಲು ಎಂಟು ಹಾಕಿದರು, ಮೂರು ಹರಿದರೂ ಊರು ನಿಲ್ಲುವಂತೆ.

ಹಳೆಯ ಪುಸ್ತಕಗಳನ್ನು ಅವರು ಹರಿಯಲಿಲ್ಲ. ಹೊಸ ಲಾಂಗ್ ಬುಕ್ಕಿನಲ್ಲಿ ಮೊದಲಿಂದ ಶುರು ಮಾಡಿದರು. ಈ ಸಲ ಅದರಲ್ಲಿ ಮೂರು ಕೈಬರಹ ಇದ್ದವು. ಟೈಟನ್ ಪೂರ್ತಿ ವೈಶಾಲಿಯ ಪಾಲು. ಪಂಚಾಂಗ, ಅಡುಗೆ, ಮಕ್ಕಳ ಸಾಲೆ ರಸಿಕಾ ಅವರದು. ಹಡಗು, ಗಾಳಿ, ನೀರು, ಗೊಬ್ಬರ ಧೀರೇಂದ್ರರದು. ನಾನೂರಾ ಹನ್ನೆರಡರಲ್ಲಿ ಈಗ ಅರವತ್ತು ಮಂದಿಗೆ ಹೆಸರಿದೆ.

ಕಳೆದ ಆಗಸ್ಟಿನಲ್ಲಿ ವೈಶಾಲಿ ತನ್ನ ಕಾಲೇಜಿನ ಸಭಾಗೃಹದಲ್ಲಿ ಅವರಿಂದ ಉಪನ್ಯಾಸ ಕೊಡಿಸಿದಳು. ಹುಡುಗ ಹುಡುಗಿಯರು ಎಂಬತ್ತು ಜನ, ಹಿಂದಿನ ಸಾಲಿನಲ್ಲಿ ಊರಿನ ಹತ್ತಾರು ಮಂದಿ. ಧೀರೇಂದ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೈಕು ಹಿಡಿದರು. ಕಡಾಯಿಯಲ್ಲಿ ಪಾಕ ಅರವತ್ತೈದು ಡಿಗ್ರಿಗೆ ಕುದಿಯುವುದರಿಂದ ಶುರು ಮಾಡಿದರು. ಒಂದು ಗಂಟೆ ಮಾತಾಡಿದರು. ಹುಡುಗರು ರಾಕೆಟ್ಟಿನ ಬಗ್ಗೆ ಕೇಳಿದರು. ಪೂನಮ್ ಅನ್ನುವ ಹುಡುಗಿ, ಟೈಟನ್ನಿನಲ್ಲಿ ಹಾರಲು ರೆಕ್ಕೆ ಎಷ್ಟು ಅಗಲ ಬೇಕು ಅಂತ ಕೇಳಿ ಉತ್ತರವನ್ನು ಅಂಗೈ ಮೇಲೆ ಬರೆದುಕೊಂಡಳು.

ಕೊನೆಗೆ ಹಿಂದಿನ ಸಾಲಿನಿಂದ ಅಂದಾನೆಪ್ಪ ಅಂತ ಒಬ್ಬರು ಎದ್ದು ನಿಂತರು. ರಬಕವಿಯಲ್ಲಿ ಆರು ಪವರ್‌ಲೂಮ್ ನಡೆಸುವವರು, ಸೀರೆ ನೇಯುತ್ತಾರೆ. "ನಂದೊಂದು ಪ್ರಶ್ನೆ ಐತ್ರಿ. ಆ ಊರಾಗ ಅರಿವಿ ನೇಯೋರು ಯಾರು?"

"ಭೂಮಿಯಿಂದ ತರಸ್ತಾರ್ರಿ, ಹಡಗದಾಗ."

"ನಾನೂರು ಮಂದಿಗೆ ಕಾಯಂ? ಹಂಗ ಆಗೂದಿಲ್ರಿ. ನೇಯಬೇಕಾಕ್ಕತಿ. ನೇದ್ರ ಹತ್ತಿ ಧೂಳ ಏಳತೈತಿ. ನಮ್ಮ ಶೆಡ್ಡಿಗೆ ಕಿಟಕಿ ಅದಾವು, ಆದ್ರೂ ಸಂಜಿಕ ತಲಿ ಬೆಳ್ಳಗಾಗಿರತೈತಿ, ಕೆಮ್ಮು ಬರತೈತಿ. ನಿಮ್ಮೂರಿಗೆ ಕಿಟಕೀನ ಇಲ್ಲ. ಆ ಧೂಳ ಎಲ್ಲಿಗೆ ಹೋಗತೈತ್ರಿ?"

ಧೀರೇಂದ್ರರ ಮುಖ ಅರಳಿತು. "ನನಗ ಗೊತ್ತಿಲ್ರಿ" ಅಂದರು ಮೈಕಿನಲ್ಲೇ. "ನಿಮ್ಮ ಶೆಡ್ಡಿಗೆ ಬರಬಹುದೇನ್ರಿ ನಾವು?"

"ಬರ್ರಿ. ಸೋಮವಾರ ಮುಂಜಾನಿ ಲೈಟ್ ಇರೂದಿಲ್ಲ, ಮಗ್ಗ ನಿಂತಿರತಾವ. ಮಾತಾಡಾಕ ಛಲೋ ಆಕ್ಕತಿ."

ಸೋಮವಾರ ಗಂಡ ಹೆಂಡತಿ ಇಬ್ಬರೂ ರಬಕವಿಗೆ ಹೋದರು. ಅಂದಾನೆಪ್ಪನವರ ಹೆಂಡತಿ ಅನಸವ್ವ ಹಿಂದಿನ ದಿನ ಮಗ್ಗದ ಕೆಳಗಿನಿಂದ ಗುಡಿಸಿದ ಧೂಳನ್ನು ಒಂದು ಚೀಲದಲ್ಲಿ ಕಟ್ಟಿ ಇಟ್ಟಿದ್ದರು. ಬಿಚ್ಚಿದರೆ ಮೋಡದ ತುಂಡಿನಂತೆ ಮೆತ್ತಗೆ ಉಬ್ಬಿತು. ಧೀರೇಂದ್ರ ಅದನ್ನು ಕೈಯಲ್ಲಿ ಹಿಡಿದು ನೋಡಿದರು. ರಸಿಕಾ ಪೆನ್ಸಿಲ್ ತೆಗೆದು, "ಇದು ಒಂದು ಮಗ್ಗದ್ದೋ ಆರು ಮಗ್ಗದ್ದೋ?" ಅಂತ ಕೇಳಿದರು.

"ಒಂದರದ್ರಿ, ಒಂದ ದಿನದ್ದು" ಅಂದರು ಅನಸವ್ವ. "ತೂಕಾ ಮಾಡ್ತೀರೇನು? ತಡೀರಿ, ನೂಲಿನ ತಕ್ಕಡಿ ತರ್ತೀನಿ."